ಹನ್ನೊಂದು ಸಾವಿರ ಗುಂಡಿಗಳ ಹೆಸರು

ಆ ಅಂಗಡಿ ಎಷ್ಟು ಇಕ್ಕಟ್ಟೆಂದರೆ, ಸ್ವಲ್ಪ ಮೈಕೈ ತುಂಬಿಕೊಂಡ ಗಿರಾಕಿ ಒಳಗೆ ಬಂದರೆ ಅಂಗಡಿಯವನು ಉಸಿರು ಬಿಗಿಹಿಡಿದು ನಿಲ್ಲಬೇಕಿತ್ತು. ಅಷ್ಟರೊಳಗೇ ಹನ್ನೊಂದು ಸಾವಿರ ಬಗೆಯ ಅಂಗಿ ಗುಂಡಿಗಳಿದ್ದವು. ಅನುಮಾನವಿದ್ದವರು ಹೋಗಿ ಎಣಿಸಬಹುದು. ಹಿಂದೆ ಎಣಿಸಲು ಹೊರಟ ಒಬ್ಬರು ಮೂರನೆಯ ಸಾಲು ಮುಗಿಯುವಷ್ಟರಲ್ಲಿ ಎರಡು ಕನ್ನಡಕ ಬದಲಾಯಿಸಿದ್ದರು. ನೆಲದಿಂದ ಸೂರಿನವರೆಗೆ ರಟ್ಟಿನ ಡಬ್ಬಗಳು. ಒಂದೊಂದರ ಮುಂದೆಯೂ ಒಳಗಿನ ಗುಂಡಿಯದೇ ಒಂದು ಮಾದರಿಯನ್ನು ದಾರದಲ್ಲಿ ಹೊಲಿದಿತ್ತು. ಯಜಮಾನನನ್ನು ಬೀದಿಯವರೆಲ್ಲ ಗುಂಡಿಯಣ್ಣ ಎನ್ನುತ್ತಿದ್ದರು.

ಅಲ್ಲಿ ಪ್ರತಿ ಗುಂಡಿಗೂ ಒಂದು ಹೆಸರಿತ್ತು. ಇಟ್ಟವಳು ಗುಂಡಿಯಣ್ಣನ ತಂಗಿ. ಏಳು ವರ್ಷದವಳಿದ್ದಾಗ ಶಾಲೆಯಿಂದ ಬಂದವಳೇ ಗಲ್ಲಾದ ಪಕ್ಕದ ಮೋಟು ಸ್ಟೂಲಿನ ಮೇಲೆ ಕೂತು ನಾಮಕರಣ ಶುರುಮಾಡುತ್ತಿದ್ದಳು. ನಾಲ್ಕು ತೂತಿನ ಕಂದು ಗುಂಡಿ ಮುಖ ಗಂಟು ಹಾಕಿಕೊಂಡಂತಿತ್ತು, ಅದು ಸಿಡುಕ. ಮಸುಕು ನೀಲಿಯದು ಅಳುಮುಂಜಿ. ಹೊಳೆಯುವ ದೊಡ್ಡ ಕಪ್ಪು, ಹೆಡ್ಮಾಸ್ತರು. ಆ ಹೆಸರುಗಳು ಎಷ್ಟು ಗಟ್ಟಿಯಾಗಿ ಕಚ್ಚಿಕೊಂಡವೆಂದರೆ, ದರ್ಜಿಗಳು ಬಂದು ಗಂಭೀರವಾಗಿಯೇ ಎರಡು ಡಜನ್ ಅಳುಮುಂಜಿ ಕೇಳುತ್ತಿದ್ದರು.

ತಂಗಿ ದೊಡ್ಡವಳಾಗಿ ಅಂಗಡಿ-ಕಾರ್ಖಾನೆಗಳಿಗೆ ಸಾಫ್ಟ್‌ವೇರ್ ಬರೆದುಕೊಡುವ ಕೆಲಸ ಹಿಡಿದಳು. ಆರು ವರ್ಷದ ಹಿಂದೆ, ತಾನೇ ಬರೆದದ್ದೊಂದನ್ನು ಅಣ್ಣನ ಅಂಗಡಿಗೆಂದು ತಂದಿದ್ದಳು. ಮೂರು ತಿಂಗಳು ರಜೆಯ ದಿನಗಳಲ್ಲೆಲ್ಲ ಕೂತು ಮಾಡಿದ್ದು. ಅಂಗಡಿ ತುಂಬ ಗಿರಾಕಿಗಳು. ಗುಂಡಿಯಣ್ಣನಿಗೆ ಜಂಬ ನೆತ್ತಿಗೇರಿತ್ತು. ತನ್ನ ತಲೆಗೆ ಬೆರಳು ತಟ್ಟಿಕೊಂಡು, “ಇದರ ಮುಂದೆ ನಿನ್ನ ಆಟಿಕೆ ಯಾವ ಲೆಕ್ಕ ಕಣೇ” ಎಂದುಬಿಟ್ಟ. ಎಲ್ಲರೂ ನಕ್ಕರು. ತಂಗಿಯೂ ನಕ್ಕಳು, ಹೋದಳು, ಮತ್ತೆ ಬರಲಿಲ್ಲ. ಅವಳ ಮನೆ ಇದ್ದದ್ದು ಎರಡೇ ಬಸ್ ನಿಲ್ದಾಣದ ಆಚೆ. ಆರು ವರ್ಷದಲ್ಲಿ ಆ ಎರಡು ನಿಲ್ದಾಣ ಸಮುದ್ರದಷ್ಟು ಅಗಲವಾಗಿದ್ದವು. ಸ್ಟೂಲು ಮಾತ್ರ ಅಲ್ಲೇ ಇತ್ತು. ಯಾರಾದರೂ ಕೂರಲು ಹೋದರೆ ಗುಂಡಿಯಣ್ಣ ಕಾಲು ಅಲ್ಲಾಡುತ್ತದೆ ಎನ್ನುತ್ತಿದ್ದ. ಅದರ ಮೇಲೆ ಆನೆ ಕುಣಿದರೂ ಕಾಲು ಅಲ್ಲಾಡುತ್ತಿರಲಿಲ್ಲ.

ಈಗ ಅಂಗಡಿಗೆ ಸಾಫ್ಟ್‌ವೇರ್ ಬೇಕೆಂದು ಹಟ ಹಿಡಿದವಳು ಹೆಂಡತಿ. ಗಂಡ ಒಂದು ಡಬ್ಬ ಹುಡುಕಲು ಏಣಿ ಹತ್ತಿ ಮುಕ್ಕಾಲು ಗಂಟೆ ಇಳಿಯದಿದ್ದುದನ್ನು ಕಂಡ ಮೇಲೆ, ರೆಡಿಮೇಡ್ ಪ್ಯಾಕೇಜ್ ಮಾರುವವರನ್ನು ಒಬ್ಬೊಬ್ಬರಾಗಿ ಕರೆಸಿದಳು. ಗುಂಡಿಯಣ್ಣ ಒಬ್ಬೊಬ್ಬರಿಗೂ ಬೆವರಿಳಿಸಿದ. ರೆಡಿಮೇಡ್ ಎಲ್ಲರಿಗೂ ಆಗುವ ಅಂಗಿ, ತನ್ನ ಅಂಗಡಿಗೆ ಅಳತೆ ಕೊಟ್ಟು ಹೊಲಿಸಿದ್ದೇ ಆಗಬೇಕು ಎಂದು ಭಾಷಣ ಬಿಗಿದ. ಇಬ್ಬನಿ ಬಣ್ಣವನ್ನೂ ಮಂಜಿನ ಬಣ್ಣವನ್ನೂ ಬೇರೆಬೇರೆ ತೋರಿಸುತ್ತದೆಯೇ ಎಂದು ಕೇಳಿದ. ನಾಲ್ವರು ಓಡಿಹೋದರು, ನಾಲ್ಕನೆಯವನು ಚಪ್ಪಲಿ ಬಿಟ್ಟು ಓಡಿದ.

ಐದನೆಯವನು ಮಾತ್ರ ಕಲ್ಲುಬಂಡೆ. ಏನು ಕೇಳಿದರೂ “ಹಾಕೋಣ ಸಾರ್” ಎನ್ನುತ್ತಿದ್ದ. ಇಬ್ಬನಿ ಹಾಕೋಣ, ಮಂಜು ಹಾಕೋಣ, ಸಿಡುಕನನ್ನೂ ಹಾಕೋಣ. ಹೆಸರಿಗೆಂದೇ ಒಂದು ಜಾಗವಿದೆ, ಏನು ಬೇಕಾದರೂ ಬರೆಯಬಹುದು ಎಂದ. ಸಂಜೆಯ ಹೊತ್ತಿಗೆ ಗುಂಡಿಯಣ್ಣನ ಬಳಿ ಒಂದು ಕೊಂಕೂ ಉಳಿಯಲಿಲ್ಲ. ನಾಳೆ ಉತ್ತರ ಹೇಳುತ್ತೇನೆಂದು ಕಳಿಸಿ, ಪೆಚ್ಚಾಗಿ ಕೂತ.

ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದಳು. “ರೀ, ಅಳತೆ ಕೊಟ್ಟು ಮಾಡಿಸಬೇಕು ಅಂತಿದ್ರಲ್ಲ. ಮಾಡೋರು ಯಾರು ಅಂತ ನಂಗೂ ಗೊತ್ತು, ನಿಮಗೂ ಗೊತ್ತು. ಅದಕ್ಕೆ ಪಾಪ ಐದು ಜನರ ಜೀವ ಯಾಕೆ ತಿಂದ್ರಿ?”

ಅವನು ಫೋನ್ ತೆಗೆದುಕೊಂಡ. ಆ ನಂಬರು ಅವನಿಗೆ ಬಾಯಿಪಾಠ. ಆರು ವರ್ಷದಲ್ಲಿ ಆರು ಲಕ್ಷ ಸಲ ಒತ್ತಿ, ಕೊನೆಯ ಅಂಕಿಗೆ ನಿಲ್ಲಿಸಿದ್ದ.

ತಂಗಿಯ ದನಿ ಕೇಳಿದ್ದೇ ತಡ, ಹೇಗಿದ್ದೀಯ ಎಂದು ಕೇಳಬೇಕಾದವನು ಅಂಗಡಿಗೊಂದು ಸಾಫ್ಟ್‌ವೇರ್ ಬೇಕಿತ್ತು ಎಂದ. ಅವಳು ಕೆಲಸದ ದನಿಯಲ್ಲಿ ಒಂದೊಂದೇ ವಿಚಾರಿಸಿದಳು: ದಿನಕ್ಕೆಷ್ಟು ಗಿರಾಕಿ, ಎಷ್ಟು ಬಗೆ ಮಾಲು, ಯಾರು ಕಂಪ್ಯೂಟರಿನ ಮುಂದೆ ಕೂರುವವರು, ಬೇರೆ ಯಾರ್‍ಯಾರು ಬಂದು ತೋರಿಸಿದರು. ಅವನು ದಿನಕ್ಕೆ ನಾನೂರು ಗಿರಾಕಿ ಎಂದ. ಹಿಂದಿನಿಂದ ಹೆಂಡತಿ ಹದಿನೈದು ಎಂದು ಗಟ್ಟಿಯಾಗಿ ತಿದ್ದಿದಳು. ಐದನೆಯವನ ಪ್ಯಾಕೇಜಿನ ವಿಷಯ ಬಂದಾಗ ಅವನಿಗೆ ಸುಳ್ಳು ಹೊಳೆಯಲಿಲ್ಲ, ಇದ್ದದ್ದನ್ನೇ ಹೇಳಿದ.

“ಅದನ್ನೇ ತಗೋ ಅಣ್ಣ,” ಎಂದಳು ತಂಗಿ. “ಹೊಸದಾಗಿ ಬರೆಸೋ ಅಷ್ಟು ಕೆಲಸ ನಿನ್ನ ಅಂಗಡೀಲಿಲ್ಲ. ನನಗೇ ಕೊಡು ಅಂತ ಹೇಳಿದ್ರೆ ಮೋಸ ಆಗುತ್ತೆ.”

ಪ್ರಾಮಾಣಿಕತೆಗೂ ಒಂದು ಹೊತ್ತುಗೊತ್ತು ಬೇಡವೇ ಎಂದು ಅವನ ಜೀವ ಚೀರಿತು. ಫೋನ್ ಇಟ್ಟರೆ ಮತ್ತೆ ಆರು ವರ್ಷ. ಅವನ ಕಣ್ಣು ಮೋಟು ಸ್ಟೂಲಿನ ಮೇಲೆ ಬಿತ್ತು, ಅಲ್ಲಿಂದ ಡಬ್ಬಗಳ ಮೇಲೆ.

“ಆಯ್ತು ತಗೋತೀನಿ. ಆದ್ರೆ ಹೆಸರುಗಳನ್ನ ಅದರೊಳಗೆ ತುಂಬಬೇಕಲ್ಲ. ನಂಗೆ ಮರ್ತೋಗಿದೆ ಕಣೇ, ಒಂದೂ ನೆನಪಿಲ್ಲ.”

“ಇದರ ಮುಂದೆ ಅಂತ ತಲೆ ತಟ್ಕೊಂಡಿದ್ಯಲ್ಲ.”

“ಅದೇ ತಲೆ. ಕೆಟ್ಟೋಗಿದೆ. ಅವತ್ತೂ ಕೆಟ್ಟಿತ್ತು, ಗೊತ್ತಾಗ್ಲಿಲ್ಲ.”

ಆ ಕಡೆ ಕುರ್ಚಿ ಎಳೆದ ಸದ್ದಾಯಿತು. “ಮೊದಲನೇದು ಹೇಳು,” ಎಂದಳು.

ಅವನು ಕೆಳಗಿನ ಸಾಲಿನ ಡಬ್ಬವನ್ನು ಮಡಿಲಿಗೆ ಎಳೆದುಕೊಂಡು ಆತುರವಿಲ್ಲದೆ ಬಣ್ಣಿಸಿದ: ಮಸುಕು ನೀಲಿ, ಅಂಚು ತುಸು ತಗ್ಗು, ಒದ್ದೆಯಾದಂತೆ ಕಾಣುತ್ತದೆ. ಎರಡೇ ಮಾತಲ್ಲಿ ಮುಗಿಯುವ ಗುಂಡಿಯನ್ನು ಅವನು ಹತ್ತು ನಿಮಿಷ ಎಳೆದ. ಹೆಂಡತಿ ಅವನ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಮುಂದಿದ್ದ ಕಾಗದದಲ್ಲಿ ಅವನು ಆಗಲೇ ದುಂಡಗೆ ಅಳುಮುಂಜಿ ಎಂದು ಬರೆದಿದ್ದ. ಅದರ ಕೆಳಗೆ ಸಿಡುಕ, ಹೆಡ್ಮಾಸ್ತರು, ಇನ್ನೂ ಮೂವತ್ತು ಹೆಸರು.

“ಅಳುಮುಂಜಿ,” ಎಂದಳು ತಂಗಿ.

“ಹೌದಾ? ತಡಿ, ಬರ್ಕೋತೀನಿ.” ಬರೆದದ್ದರ ಮೇಲೆಯೇ ಅವನು ಮತ್ತೊಮ್ಮೆ ನಿಧಾನವಾಗಿ ತಿದ್ದಿದ.

ತಂಗಿ ಕಾದಳು. “ಅಣ್ಣ, ನಿಂಗೆಲ್ಲ ನೆನಪಿದೆ,” ಎಂದಳು.

ಬೀದಿಯಲ್ಲಿ ಒಂದು ಬಸ್ಸು ಬಂದು ನಿಂತು, ಹೊರಟುಹೋಯಿತು.

“ಮುಂದಿನದು ಹೇಳು,” ಎಂದಳು.

ಗುಂಡಿಯಣ್ಣ ಎಡಗೈಯಿಂದ ಸ್ಟೂಲಿನ ಧೂಳು ಒರೆಸುತ್ತ, ಬಲಗೈಯಿಂದ ಎರಡನೆಯ ಡಬ್ಬ ತೆರೆದ.