ಹೆಬ್ಬೆರಳಿನ ಉಗುರು

ಲೆಬನಾನಿನ ಜೂನಿಯೆ ಪಟ್ಟಣದ ಇಗರ್ಜಿಯ ಹಿಂದಿನ ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಕೋಚ್ ಹೈಫಾ ನೆಲ ನೋಡಿಕೊಂಡೇ ಹೆಜ್ಜೆ ಇಡುತ್ತಿದ್ದಳು. ಗೆರೆಯಂಚಿಗೆ ಕುರ್ಚಿ ಹಾಕಿಕೊಂಡ ಅಪ್ಪಂದಿರು ಸೂರ್ಯಕಾಂತಿ ಬೀಜ ಕಡಿದು ಸಿಪ್ಪೆಯನ್ನು ಅಲ್ಲೇ ಉಗಿಯುತ್ತಿದ್ದರು. ಛೀ! ಎಂಟು ವರ್ಷದ ಮಕ್ಕಳು ಆ ಎಂಜಲು ತುಳಿದುಕೊಂಡೇ ಡಿಫೆನ್ಸ್ ಕಲಿಯಬೇಕಿತ್ತು.

"ಮಂಡಿ ಬಗ್ಗಿಸ್ರೋ! ಚೆಂಡು ನೋಡ್ಬೇಡಿ, ಅವರ ಹೊಟ್ಟೆ ನೋಡಿ! ಕಣ್ಣು ಮೋಸ ಮಾಡುತ್ತೆ, ಕೈ ಮೋಸ ಮಾಡುತ್ತೆ. ಹೊಟ್ಟೆ ಎಲ್ಲಿಗೆ ಹೋಗುತ್ತೋ ಆಳೂ ಅಲ್ಲಿಗೇ. ಮೈ ಮುಟ್ಟಿದ್ರೆ ನೋಡಿ ಮತ್ತೆ!" ಎಂದು ಕಿರುಚಿ ಕಿರುಚಿ ಹೈಫಾಳ ಗಂಟಲು ಕಟ್ಟಿಹೋಗಿತ್ತು.

ನಾಯ್ಲಾ ಎಂಬ ಪುಟ್ಟಿಯೊಬ್ಬಳು ಮಾತ್ರ ಏಡಿಯಂತೆ ಅಡ್ಡಡ್ಡ ಸರಿಯುವುದನ್ನು ಸೊಗಸಾಗಿ ಕಲಿತಿದ್ದಳು. ಇವಳೊಬ್ಬಳಾದರೂ ಕಾಲನ್ನು ನಂಬಿ ಆಡುವವಳಾಗಲಿ, ಹೈಫಾಗೆ ಅಷ್ಟೇ ಬೇಕಿತ್ತು.

ಮ್ಯಾಚಿಗೆ ಮೊದಲು ಮಕ್ಕಳ ಉಗುರು ನೋಡುವುದು ಅವಳ ಪದ್ಧತಿ. ಸೀಟಿಯ ದಾರದಲ್ಲೇ ನೇಲ್ ಕಟ್ಟರ್ ನೇತಾಡುತ್ತಿರುತ್ತಿತ್ತು. ಆ ಶನಿವಾರ ನಾಯ್ಲಾಳ ಬಲಗೈ ಹೆಬ್ಬೆರಳಿಗೆ ಪಟ್ಟಿ ಸುತ್ತಿತ್ತು.

"ಕಾರಿನ ಬಾಗಿಲಿಗೆ ಸಿಕ್ಕಿಬಿಡ್ತು, ಪಾಪ," ಎಂದ ಅವಳ ಅಪ್ಪ ರಾಮೆಝ್. ಹೈಫಾ ನಂಬಿದಳು.

ಆಟ ಅರ್ಧ ಮುಗಿದಿತ್ತು. ಚೆಂಡು ಪುಟಿಸುತ್ತಾ ನಾಯ್ಲಾಳನ್ನು ದಾಟುತ್ತಿದ್ದ ಎದುರು ತಂಡದ ಹುಡುಗಿ "ಅಮ್ಮಾ!" ಎಂದು ಚೀರಿ ಚೆಂಡು ಬಿಟ್ಟಳು. ನಾಯ್ಲಾ ಅದನ್ನೆತ್ತಿಕೊಂಡು ಓಡಿದಳು. ರೆಫರಿಗೆ ಏನೂ ಕಾಣಲಿಲ್ಲ. ಅಪ್ಪಂದಿರು ಎದ್ದುನಿಂತು ಚಪ್ಪಾಳೆ ತಟ್ಟಿದರು.

ಹೈಫಾ ಟೈಮ್‌ಔಟ್ ಕೇಳಿ ಓಡಿದಳು. ಆ ಹುಡುಗಿಯ ಮುಂಗೈ ಮೇಲೆ ಉಗುರಿನ ಗುರುತು, ಅದರಲ್ಲಿ ರಕ್ತ ಜಿನುಗುತ್ತಿತ್ತು. ನಾಯ್ಲಾಳ ಹೆಬ್ಬೆರಳಲ್ಲಿ ಪಟ್ಟಿ ಇರಲಿಲ್ಲ. ಗಾಯವೂ ಇರಲಿಲ್ಲ. ಉದ್ದ ಉಗುರಿತ್ತು.

"ಯಾರೇ ಹೇಳ್ಕೊಟ್ಟಿದ್ದು?"

ನಾಯ್ಲಾ ಅಪ್ಪನ ಕಡೆ ನೋಡಿದಳು.

"ನಾನೇ. ಏನೀಗ?" ರಾಮೆಝ್ ಸಿಪ್ಪೆ ಉಗಿದ. "ನಿಮ್ಮ ಹೊಟ್ಟೆ ಪುರಾಣ ಕೇಳ್ಕೊಂಡು ಕೂತ್ರೆ ಕಪ್ ಬರುತ್ತಾ ಕೋಚ್?"

"ಥೂ, ನಿಮ್ಮ ಜನ್ಮಕ್ಕಿಷ್ಟು! ಹಾಲುಹಲ್ಲಿನ ಮಗೂಗೆ ಚಿವುಟೋದು ಕಲಿಸ್ತೀರಲ್ರೀ, ಅದೂ ಸುಳ್ಳು ಪಟ್ಟಿ ಕಟ್ಟಿ!" ಅವಳಿಗೆ ಮೈಯೆಲ್ಲ ಹೇಸಿಗೆ ಮೆತ್ತಿದಂತಾಯಿತು. "ನಾಯ್ಲಾ, ಕೈ ಕೊಡು, ಕತ್ತರಿಸ್ತೀನಿ. ಇಲ್ಲಾಂದ್ರೆ ಬೆಂಚಲ್ಲೇ ಕೂತಿರು."

"ಕೊಡ್ಬೇಡ ಕಂದ! ಇವರಲ್ಲದಿದ್ರೆ ಇನ್ನೊಬ್ಬ ಕೋಚ್."

ನಾಯ್ಲಾ ಹೆಬ್ಬೆರಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಬೆಂಚಿನ ಮೇಲೆ ಕುಳಿತಳು. ಕಣ್ಣಲ್ಲಿ ದಳದಳ ನೀರು.

"ಅಳ್ಬೇಡ ಚಿನ್ನ," ರಾಮೆಝ್ ಅವಳ ತಲೆ ಸವರಿದ. "ಮುಂದಿನ ಮ್ಯಾಚಿಗೆ ಇನ್ನೂ ಉದ್ದ ಬೆಳೆದಿರುತ್ತೆ."

ಹುಡುಗಿ ಅವನತ್ತ ನೋಡಲಿಲ್ಲ. ಎದುರು ಬೆಂಚಿನಲ್ಲಿ ಒಬ್ಬ ತಾಯಿ ಮಗಳ ಮುಂಗೈಗೆ ಉಫ್ ಉಫ್ ಎಂದು ಊದುತ್ತಿದ್ದಳು. ನಾಯ್ಲಾ ಅದನ್ನೇ ನೋಡುತ್ತಾ ಹೆಬ್ಬೆರಳನ್ನು ಬಾಯಿಗಿಟ್ಟು, ಉಗುರನ್ನು ಕಟಕ್ಕನೆ ಕಚ್ಚಿ ಉಗಿದಳು. ಅದು ಅಪ್ಪನ ಸಿಪ್ಪೆಗಳ ನಡುವೆ ಬಿತ್ತು. ಅವಳು ಕೈಯನ್ನು ಚಡ್ಡಿಗೆ ಒರೆಸಿಕೊಂಡು ಎದ್ದಳು.

"ಕೋಚ್, ಈಗ ಹೋಗ್ಲಾ?"