ಹಿಂದೆ ಒಬ್ಬನೇ

ಮೊದಲು ಓಟ ನಿಲ್ಲಿಸು, ಮಿಕ್ಕಿದ್ದೆಲ್ಲ ಆಮೇಲೆ. ಇದು ವರ್ಲಿನ್ ಕುಚೆರಾನ ಮಂತ್ರ. ಕೊಲ್ಬಿ ಫೋರ್ಕ್ ಹೈಸ್ಕೂಲಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಡಿಫೆನ್ಸ್ ಕೋಚ್ ಆದ ದಿನದಿಂದ ಅದನ್ನೇ ಜಪಿಸಿಕೊಂಡು ಬಂದಿದ್ದ. ನೆಬ್ರಾಸ್ಕಾದ ನಮ್ಮ ಕಡೆಯ ಗಾಳಿಯಲ್ಲಿ ಚೆಂಡು ಎಸೆದು ಗೆಲ್ಲುತ್ತೇನೆ ಅನ್ನುವವನಿಗೆ ತಲೆ ಕೆಟ್ಟಿರಬೇಕು. ಯಾರೇ ಆಗಲಿ, ಕೊನೆಗೆ ಚೆಂಡನ್ನು ಎದೆಗೆ ಅವುಚಿಕೊಂಡು ನುಗ್ಗಿಯೇ ಬರಬೇಕು. ಹಾಗೆ ನುಗ್ಗಿದವನನ್ನು ನಿಂತಲ್ಲೇ ಕೆಡವಿದರೆ ಆಟ ನಮ್ಮದು. ಹುಡುಗರಿಗೆ ಹೇಳಿದ, ಹುಡುಗರ ಅಪ್ಪಂದಿರಿಗೆ ಹೇಳಿದ, ಊಟದ ಮೇಜಿನಲ್ಲಿ ಹೆಂಡತಿಗೂ ಹೇಳಿದ. ಮಗ ನೋಲನ್‌ಗಂತೂ ತೊಟ್ಟಿಲಲ್ಲಿದ್ದಾಗಲೇ ಪಾಠ ಶುರುವಾಗಿತ್ತು.

ಆದರೆ ಈ ವಾರ ಆ ಮಂತ್ರ ಅವನ ಗಂಟಲಲ್ಲೇ ಸಿಕ್ಕಿಕೊಂಡಿತು. ಶನಿವಾರ ಮಧ್ಯಾಹ್ನ ಹೋಲ್ಡನ್ ಸಿಟಿಯವರ ಮೇಲೆ ಆಟ, ಸೋತವರು ಮನೆಗೆ. ಅವರಲ್ಲಿ ಕ್ರೂಗರ್ ಎಂಬ ಓಟಗಾರನಿದ್ದ, ಗೂಳಿ. ಅದು ಸಾಲದು ಅಂತ ಆಟ ನಡೆಸಿ ಚೆಂಡು ಎಸೆಯುವ ಡೆವ್ಲಿನ್ ಎಂಬ ಕ್ವಾರ್ಟರ್‌ಬ್ಯಾಕ್ ಬೇರೆ. ಆ ಹುಡುಗನಿಗೆ ಗಾಳಿಯೂ ಒಂದೇ, ಗೋಡೆಯೂ ಒಂದೇ; ಐವತ್ತು ಗಜ ದೂರಕ್ಕೆ ಚೆಂಡು ಎಸೆದು ಓಡುತ್ತಿರುವ ಜೊತೆಗಾರನ ಕೈಗೆ ತಲುಪಿಸುತ್ತಿದ್ದ.

ಗುರುವಾರ ಬೆಳಿಗ್ಗೆ ರೈತರ ಧಾನ್ಯ ದಾಸ್ತಾನು ಸೊಸೈಟಿಯ ಕಾಫಿ ಮೇಜಿನಲ್ಲಿ ಎಮಿಲ್ ಸ್ಲಾಡ್ಕಿ ಅವನನ್ನು ಹಿಡಿದು ಕೂರಿಸಿಕೊಂಡ. ಎಮಿಲ್‌ಗೆ ಎಂಬತ್ತು ದಾಟಿದೆ, ನಾಲಿಗೆಗೆ ಮಾತ್ರ ಇನ್ನೂ ಹದಿನೆಂಟು.

"ಏನಯ್ಯಾ ವರ್ಲಿನ್, ಕ್ರೂಗರ್‌ನ ಹಿಡೀತೀಯೋ, ಡೆವ್ಲಿನ್‌ನ ಹಿಡೀತೀಯೋ?"

"ನಂದು ಯಾವಾಗ್ಲೂ ಒಂದೇ ಉತ್ತರ. ಮೊದಲು ಓಟ."

"ಸರಿಯಾಗಿ ಹೇಳ್ದೆ ನೋಡು," ಎಂದು ಎಮಿಲ್ ಮೇಜು ಕುಟ್ಟಿದ. "ಗಂಡಸಿನ ಡಿಫೆನ್ಸ್ ಅಂದ್ರೆ ಅದು."

ಪಕ್ಕದಲ್ಲಿದ್ದ ಕ್ಷೌರಿಕ ಗಸ್ ಮುಖ ಸಿಂಡರಿಸಿದ. "ಏನ್ ಗಂಡಸ್ತನವೋ ಏನೋ. ಮುಂಬಾಗಿಲಿಗೆ ನಾಲ್ಕು ಚಿಲಕ ಹಾಕಿ ಹಿತ್ತಲ ಬಾಗಿಲು ತೆರೆದಿಟ್ರೆ ಆಯ್ತಾ? ಹಿತ್ತಲಲ್ಲಿ ಯಾರಪ್ಪಾ ಇರೋದು?"

ಮೇಜಿನಲ್ಲಿದ್ದವರೆಲ್ಲ ಇದ್ದಕ್ಕಿದ್ದಂತೆ ತಮ್ಮ ತಮ್ಮ ಕಾಫಿ ಕಲಕತೊಡಗಿದರು. ಹಿತ್ತಲಲ್ಲಿ ಯಾರಿದ್ದಾರೆಂದು ಊರಿಗೇ ಗೊತ್ತಿತ್ತು. ಗಸ್‌ಗೂ ಆಮೇಲೆ ನೆನಪಾಗಿ ನಾಲಿಗೆ ಕಚ್ಚಿಕೊಂಡ.

ಓಟ ನಿಲ್ಲಿಸಬೇಕಾದರೆ ಜನ ಮುಂದೆ ಬೇಕು. ಹಿಂದೆ ಕಾಯುವ ಇಬ್ಬರಲ್ಲಿ ಕೋಡಿ ಎಂಬ ಹುಡುಗ ಮುಂದಕ್ಕೆ ಬಂದು ಗುಂಪಿಗೆ ಸೇರಿಕೊಳ್ಳುತ್ತಿದ್ದ. ಆಗ ಅಷ್ಟು ದೊಡ್ಡ ಬಯಲಿಗೆ ಉಳಿಯುವವನು ಒಬ್ಬನೇ. ಮೊನ್ನೆಮೊನ್ನೆಯವರೆಗೆ ಆ ಜಾಗದಲ್ಲಿ ಮೊಲದಂತೆ ಓಡುವ ಒಬ್ಬ ಹುಡುಗನಿದ್ದ. ಅವನ ಭುಜದ ಮೂಳೆ ಮುರಿಯಿತು. ಹೆಡ್ ಕೋಚ್ ರೆಕ್ಸ್ ಓಲ್ಟ್‌ಮನ್ಸ್ ಆ ಜಾಗಕ್ಕೆ ನೋಲನ್‌ನನ್ನು ನಿಲ್ಲಿಸಿದ. ವರ್ಲಿನ್ ಕೇಳಿದ್ದಲ್ಲ, ಬೇಡ ಅಂದಿದ್ದ. ಆದರೆ ಊರ ಬಾಯಿ ಯಾರು ಮುಚ್ಚುತ್ತಾರೆ? ಕೋಚ್‌ನ ಮಗ ಅಲ್ಲವೇ ಅಂತ ಆಡಿಕೊಂಡರು. ನೋಲನ್‌ನ ತಲೆ ಚುರುಕು, ಎದುರಾಳಿ ಹೇಗೆ ನಿಂತಿದ್ದಾನೆಂದು ನೋಡಿಯೇ ಮುಂದಿನ ಆಟ ಹೇಳಿಬಿಡುತ್ತಿದ್ದ. ಕಾಲು ಮಾತ್ರ ನಿಧಾನ. ಅದು ಅವನ ತಪ್ಪಲ್ಲ, ಕುಚೆರಾ ವಂಶದಲ್ಲಿ ಓಡಿ ಬಸ್ಸು ಹಿಡಿದವರೇ ಇಲ್ಲ.

ಶುಕ್ರವಾರ ಸಂಜೆ ಹೆಂಡತಿ ಲೋರ್ನಾ ಮಾಂಸ, ಕಾಳು ಹಾಕಿದ ಚಿಲ್ಲಿ ಸಾರು ಮಾಡಿದ್ದಳು, ಜೊತೆಗೆ ಎಂದಿನಂತೆ ದಾಲ್ಚಿನ್ನಿ ರೋಲ್. ನೋಲನ್ ತಿಂದು ಮಹಡಿಗೆ ಹೋದ ಮೇಲೆ ಅವಳು ಚಮಚ ಕೆಳಗಿಟ್ಟಳು.

"ಕೋಡೀನ ಹಿಂದೇನೇ ಇಡ್ರೀ."

"ಹಾಗೆಲ್ಲ ಆಗಲ್ಲ ಲೋರ್ನಾ."

"ಯಾಕಾಗಲ್ಲ? ಆಡ್ಸೋರು ನೀವೇ ತಾನೆ? ಆ ಡೆವ್ಲಿನ್ ಇವನ ತಲೆ ಮೇಲಿಂದ ಎಸೀತಾನೆ. ಊರಿನವರೆಲ್ಲ ನೋಡ್ತಾರೆ. ಇದು ಅವನ ಕೊನೇ ವರ್ಷ ಕಣ್ರೀ. ಇಲ್ಲಿಂದಾಚೆ ಜೀವನಪೂರ್ತಿ ಅವನಿಗೆ ಅದೊಂದೇ ನೆನಪಿರುತ್ತೆ."

"ಇಷ್ಟು ವರ್ಷ ಬೇರೆಯವರ ಮಕ್ಕಳನ್ನ ಒಬ್ಬೊಬ್ಬರನ್ನೇ ಹಿಂದೆ ನಿಲ್ಲಿಸ್ದೆ. ಈಗ ನನ್ನ ಮಗ ಅಂತ ಇಬ್ಬರನ್ನ ನಿಲ್ಲಿಸ್ಲಾ? ಯಾವ ಮುಖ ಇಟ್ಕೊಂಡು?"

"ಮುಖದ ಮಾತು ಬಿಡಿ. ಅವನಿಗೆ ಆಗಲ್ಲ ಅಂತ ನಿಮಗೂ ಗೊತ್ತು."

ವರ್ಲಿನ್‌ಗೆ ಗೊತ್ತಿತ್ತು. ರೋಲ್‌ನ ಅರ್ಧ ತಟ್ಟೆಯಲ್ಲೇ ಉಳಿಯಿತು.

ಆಟದ ದಿನ ಡಿಫೆನ್ಸ್ ಕೋಚ್‌ನ ಜಾಗ ಮೈದಾನದಲ್ಲಲ್ಲ, ಜನ ಕೂರುವ ಮೆಟ್ಟಿಲುಗಳ ತುತ್ತತುದಿಯ ಮರದ ಗೂಡಿನಲ್ಲಿ. ಮೇಲಿನಿಂದ ಎಲ್ಲ ಕಾಣುತ್ತದೆ. ಕಂಡದ್ದನ್ನು ಹೆಡ್‌ಸೆಟ್‌ನಲ್ಲಿ ಕೆಳಗಿರುವ ರೆಕ್ಸ್‌ಗೆ ಹೇಳಬೇಕು. ರೆಕ್ಸ್ ಕೈಸನ್ನೆ ಮಾಡುತ್ತಾನೆ. ಹಿಂದೆ ನಿಂತಿರುವ ಹುಡುಗ ಅದನ್ನು ನೋಡಿ ಮಿಕ್ಕವರಿಗೆ ಕೂಗುತ್ತಾನೆ. ಎರಡು ಮುಷ್ಟಿ ಅಂದರೆ ಕೋಡಿ ಮುಂದಕ್ಕೆ. ತಲೆಯ ಮೇಲೆ ಅಂಗೈ ಅಂದರೆ ಕೋಡಿ ಹಿಂದಕ್ಕೆ. ಇಷ್ಟೇ. ಆ ಗೂಡಿನಲ್ಲಿ ಕೂತವನಿಗೆ ದೇವರಷ್ಟು ಕಾಣುತ್ತದೆ, ಆದರೆ ಒಂದು ಹುಲ್ಲುಕಡ್ಡಿ ಎತ್ತಿಡಲೂ ಆಗುವುದಿಲ್ಲ.

ಆಟ ಶುರುವಾಯಿತು. ವರ್ಲಿನ್ ಎಂದಿನಂತೆ ಕೋಡಿಯನ್ನು ಮುಂದೆ ಕರೆಸಿದ, ಕ್ರೂಗರ್ ಬಂದಾಗಲೆಲ್ಲ ಗೋಡೆಗೆ ಗುದ್ದಿದಂತೆ ಬಿದ್ದ. ಎಮಿಲ್ ಸ್ಲಾಡ್ಕಿ ಕೆಳಗಿನಿಂದ ತಿರುಗಿ ಗೂಡಿನ ಕಡೆ ಟೋಪಿ ಬೀಸಿದ. ಆಮೇಲೆ ಡೆವ್ಲಿನ್ ಎಸೆಯತೊಡಗಿದ. ಎರಡನೇ ಭಾಗದಲ್ಲಿ ಒಮ್ಮೆ, ಮೂರನೇ ಭಾಗದಲ್ಲಿ ಒಮ್ಮೆ, ಚೆಂಡು ನೋಲನ್‌ನ ತಲೆಯ ಮೇಲಿಂದ ಹಾರಿ ಹೋಲ್ಡನ್ ಸಿಟಿಯವನ ಕೈಸೇರಿತು, ಅವನು ಕೊನೆಯ ಗೆರೆ ದಾಟಿ ಅಂಕ ಗಳಿಸಿದ. ಎರಡು ಸಲವೂ ಎಲ್ಲಿಗೆ ಬರುತ್ತದೆಂದು ನೋಲನ್‌ಗೆ ಮೊದಲೇ ತಿಳಿದಿತ್ತು, ಅತ್ತ ಓಡಿಯೂ ಇದ್ದ. ತಲುಪಲಿಲ್ಲ, ಅಷ್ಟೇ.

ಗೂಡಿನ ಕಿಟಕಿ ತೆರೆದಿತ್ತು. ಕೆಳಗಿನ ಸಾಲಿನ ಮಾತೆಲ್ಲ ಮೇಲೆ ಬರುತ್ತಿತ್ತು.

"ಅಯ್ಯೋ ಕುಚೆರಾನ ಮಗನ್ನ ತೆಗೀರೋ!"

"ತೆಗೀತಾರಾ? ಅಪ್ಪ ಮೇಲ್ಗಡೆ ಕೂತಿದಾನಲ್ಲಪ್ಪ."

ವರ್ಲಿನ್‌ಗೆ ಮೈಯೆಲ್ಲ ಉರಿಯಿತು. ಕಿಟಕಿ ಹಾಕೋಣವೆಂದರೆ ಅದು ಹಾಕಿಕೊಳ್ಳುವ ಜಾತಿಯದಲ್ಲ. ಎರಡು ಸಾಲು ಕೆಳಗೆ ಲೋರ್ನಾ ಕೂತಿದ್ದಳು. ಅವಳು ತಿರುಗಿ ಗೂಡಿನ ಕಡೆ ನೋಡಲೇ ಇಲ್ಲ. ನೋಡಿ ಬೈದಿದ್ದರೂ ವಾಸಿಯಿತ್ತು.

ಆದರೂ ಓಟ ನಿಲ್ಲಿಸಿದ್ದರಿಂದಲೇ ನಮ್ಮವರು ನಾಲ್ಕು ಅಂಕ ಮುಂದಿದ್ದರು. ಆಟ ಮುಗಿಯಲು ಒಂದು ನಿಮಿಷವೂ ಇಲ್ಲ. ಚೆಂಡು ಹೋಲ್ಡನ್ ಸಿಟಿಯವರ ಬಳಿ, ಗೆರೆಗೆ ನಲವತ್ತು ಗಜ ದೂರ. ಅವರಿಗೆ ಉಳಿದಿದ್ದು ಒಂದೇ ಒಂದು ಅವಕಾಶ. ಅದರಲ್ಲಿ ಕೇವಲ ಒಂದು ಗಜ ಮುಂದೆ ಬಂದರೆ ಮತ್ತೆ ಆಡಬಹುದು, ಬರದಿದ್ದರೆ ಅಲ್ಲಿಗೆ ಮುಗಿಯಿತು. ಒಂದು ಗಜಕ್ಕೆ ಯಾರಾದರೂ ಏನು ಮಾಡುತ್ತಾರೆ? ಕ್ರೂಗರ್‌ನ ಕೈಗೆ ಚೆಂಡು ಕೊಟ್ಟು ನುಗ್ಗಿಸುತ್ತಾರೆ. ವರ್ಲಿನ್ ಬದುಕಿಡೀ ಕಲಿಸಿದ್ದು ಇದೊಂದು ಗಳಿಗೆಗೇ ಅನ್ನಬೇಕು. ಎಲ್ಲರೂ ಮುಂದೆ, ಓಟ ನಿಲ್ಲಿಸು, ಮನೆಗೆ ಹೋಗು.

ಅವನು ನೋಲನ್‌ನನ್ನು ನೋಡಿದ. ಹುಡುಗ ಅಷ್ಟಗಲ ಬಯಲಿನಲ್ಲಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಏದುಸಿರು ಬಿಡುತ್ತಾ ನಿಂತಿದ್ದ.

"ಕೋಡೀನ ಹಿಂದಕ್ಕೆ ಕಳ್ಸು," ಎಂದ ವರ್ಲಿನ್.

"ಏನು?" ರೆಕ್ಸ್‌ನ ದನಿ ಕಿವಿಯಲ್ಲಿ ಒಡೆಯಿತು. "ಒಂದು ಗಜ ಕಣಯ್ಯಾ! ಕ್ರೂಗರ್ ಬರ್ತಾನೆ!"

"ಕಳ್ಸು ಅಂದ್ನಲ್ಲ."

"ವರ್ಲಿನ್, ಇದು ಮಗನಿಗೋಸ್ಕರಾನಾ?"

"ಡಿಫೆನ್ಸ್ ನಂದು ರೆಕ್ಸ್. ಕಳ್ಸು ಮಾರಾಯ, ದಮ್ಮಯ್ಯ."

ರೆಕ್ಸ್ ಏನೋ ಗೊಣಗಿಕೊಂಡ. ತಲೆಯ ಮೇಲೆ ಅಂಗೈ ಇಟ್ಟ.

ನೋಲನ್ ಅದನ್ನು ನೋಡಿದ. ನೋಡಿದವನು ಕೂಗಲಿಲ್ಲ. ಕತ್ತೆತ್ತಿ ಸೀದಾ ಗೂಡಿನ ಕಿಟಕಿಯನ್ನು ದಿಟ್ಟಿಸಿದ. ಹೆಲ್ಮೆಟ್ಟಿನ ಸರಳುಗಳ ಹಿಂದಿನ ಮುಖ ಅಷ್ಟು ದೂರಕ್ಕೆ ಕಾಣುವಂತಿರಲಿಲ್ಲ. ಆಮೇಲೆ ಆಗಲೇ ಹಿಂದಕ್ಕೆ ಬರುತ್ತಿದ್ದ ಕೋಡಿಯ ಬೆನ್ನಿಗೆ ಕೈಯಿಟ್ಟು ಅವನನ್ನು ಮುಂದಕ್ಕೆ ತಳ್ಳಿದ.

"ಬೇಡ!" ವರ್ಲಿನ್ ಎದ್ದುನಿಂತ. "ಬೇಡ ಕಣೋ! ರೆಕ್ಸ್, ನಿಲ್ಸು, ಆಟ ನಿಲ್ಸು!"

"ನಿಲ್ಸೋಕೆ ಟೈಮ್‌ಔಟ್ ಒಂದೂ ಉಳಿದಿಲ್ಲ, ಎಲ್ಲಾ ಖಾಲಿ ಆಯ್ತು!"

"ಕೂಗಿ ಹೇಳು ಅವನಿಗೆ!"

ರೆಕ್ಸ್ ಕೂಗಿದ. ಇಡೀ ಕೊಲ್ಬಿ ಫೋರ್ಕ್ ಎದ್ದು ನಿಂತು ಕಾಲು ಬಡಿಯುತ್ತಾ ಅರಚುತ್ತಿದ್ದಾಗ ಯಾರಿಗೆ ಕೇಳಬೇಕು? ವರ್ಲಿನ್ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಎರಡೂ ಕೈಯನ್ನು ತಲೆಗೆ ಬಡಿದುಕೊಳ್ಳುತ್ತಿದ್ದ. ಕೆಳಗಿನವರು ಅವನೂ ಹುರಿದುಂಬಿಸುತ್ತಿದ್ದಾನೆಂದುಕೊಂಡರು.

ಡೆವ್ಲಿನ್ ಚೆಂಡು ತೆಗೆದುಕೊಂಡ. ಕ್ರೂಗರ್ ತಲೆ ತಗ್ಗಿಸಿ ನುಗ್ಗಿದ, ಡೆವ್ಲಿನ್ ಅವನ ಹೊಟ್ಟೆಗೆ ಚೆಂಡು ಒತ್ತಿದ. ನಮ್ಮ ಹುಡುಗರೆಲ್ಲ ಕ್ರೂಗರ್‌ನ ಮೇಲೆ ಮುಗಿಬಿದ್ದರು. ನೋಲನ್ ಕೂಡ ಮುಂದಕ್ಕೆ ಒಂದು ಹೆಜ್ಜೆ ಇಟ್ಟ. ಮೊದಲು ಓಟ. ಅಷ್ಟರಲ್ಲಿ ವರ್ಲಿನ್‌ಗೆ ಮೇಲಿನಿಂದ ಕಂಡಿತು: ಚೆಂಡು ಡೆವ್ಲಿನ್‌ನ ಕೈಯಲ್ಲೇ ಇತ್ತು. ಕೊಟ್ಟಂತೆ ಮಾಡಿ ಹಿಂತೆಗೆದುಕೊಂಡಿದ್ದ. ಅವನ ಜೊತೆಗಾರನೊಬ್ಬ ನೋಲನ್‌ನ ಪಕ್ಕದಿಂದಲೇ ಓಡಿ ದಾಟಿದ.

ವರ್ಲಿನ್ ಹೆಡ್‌ಸೆಟ್ಟಿಗೆ ಮಗನ ಹೆಸರು ಹಿಡಿದು ಕೂಗಿದ. ಅದು ಮಗನ ಕಿವಿಗೆ ಹೋಗುವುದಿಲ್ಲವೆಂದು ಅವನಿಗೆ ಗೊತ್ತು. ನೋಲನ್ ತಿರುಗಿದ, ಓಡಿದ, ಕುಚೆರಾ ಕಾಲುಗಳಲ್ಲಿ ಇದ್ದಷ್ಟೂ ಓಡಿದ. ಕೊನೆಗೆ ಉದ್ದಕ್ಕೆ ಹಾರಿ ಕೈ ಚಾಚಿದ. ಆ ಒಂದು ಹೆಜ್ಜೆ ಮುಂದಿಟ್ಟಿರದಿದ್ದರೆ ಬೆರಳಾದರೂ ತಾಗುತ್ತಿತ್ತು. ಚೆಂಡು ಹೋಲ್ಡನ್ ಸಿಟಿಯವನ ಎದೆಗೆ ಬಂದು ಕೂತಿತು, ಅವನು ಗೆರೆ ದಾಟಿದ, ನಮ್ಮವರು ಸೋತರು.

ಆಟ ಮುಗಿದ ಮೇಲೆ ಮನೆಯವರೆಲ್ಲ ಮೈದಾನಕ್ಕಿಳಿದು ತಮ್ಮ ತಮ್ಮ ಹುಡುಗರ ಪಕ್ಕ ನಿಲ್ಲುವುದು ನಮ್ಮಲ್ಲಿ ರೂಢಿ, ಗೆಲ್ಲಲಿ ಸೋಲಲಿ. ವರ್ಲಿನ್ ಮೆಟ್ಟಿಲಿಳಿದು ಹೊರಟ. ದಾರಿಯಲ್ಲಿ ಎಮಿಲ್ ಅಡ್ಡ ನಿಂತ. ಮುದುಕನ ಕಣ್ಣು ಒದ್ದೆಯಾಗಿತ್ತು, ಸಿಟ್ಟೂ ಇತ್ತು.

"ಅಲ್ಲ ಕಣಯ್ಯಾ, ಸ್ವಂತ ಮಗನ್ನ ಅಲ್ಲಿ ಒಂಟಿಯಾಗಿ ಬಿಡೋದಾ? ಕೋಡೀನ ಹಿಂದೆ ಇಡೋಕೆ ಏನ್ ಧಾಡಿ ನಿಂಗೆ?"

ರೆಕ್ಸ್ ಹತ್ತಿರದಲ್ಲೇ ಇದ್ದ. ಬಾಯಿ ತೆರೆಯಲು ಹೋದ. ವರ್ಲಿನ್ ಅವನ ತೋಳು ಹಿಡಿದ.

"ತಪ್ಪಾಯ್ತು ಎಮಿಲ್," ಎಂದ. "ನಾನೇ ಮುಂದೆ ಕರೆಸಿದ್ದು."

ನೋಲನ್ ಬಿದ್ದಲ್ಲಿಂದ ಎದ್ದು ಗೆರೆಯ ಹತ್ತಿರವೇ ಕೂತಿದ್ದ. ಹೆಲ್ಮೆಟ್ ತೆಗೆದಿದ್ದ. ಗಲ್ಲಕ್ಕೆ ಹುಲ್ಲು ಮೆತ್ತಿಕೊಂಡಿತ್ತು. ಲೋರ್ನಾ ಇನ್ನೂ ಜನರ ನಡುವೆ ದಾರಿ ಮಾಡಿಕೊಂಡು ಬರುತ್ತಿದ್ದಳು. ವರ್ಲಿನ್ ಮಗನ ಪಕ್ಕದಲ್ಲಿ ಕುಕ್ಕರಿಸಿದ. ಬೈಯಬೇಕೋ ತಬ್ಬಿಕೊಳ್ಳಬೇಕೋ ತಿಳಿಯಲಿಲ್ಲ.

"ಸನ್ನೆ ನೋಡಿದ್ಯಲ್ಲೋ."

"ನೋಡ್ದೆ."

"ಮತ್ತೆ?"

ನೋಲನ್ ತಲೆ ಎತ್ತಲಿಲ್ಲ. "ಅಪ್ಪಾ, ನನ್ನ ಜಾಗದಲ್ಲಿ ಬೇರೆ ಯಾರಾದ್ರೂ ಇದ್ದಿದ್ರೆ, ಒಂದು ಗಜಕ್ಕೆ ಕೋಡೀನ ಹಿಂದಕ್ಕೆ ಕರೀತಿದ್ಯಾ?"

ವರ್ಲಿನ್‌ಗೆ ಸುಳ್ಳು ಹೊಳೆಯಲಿಲ್ಲ. "ಇಲ್ಲ," ಎಂದ.

"ಗೊತ್ತಿತ್ತು. ಅದಕ್ಕೇ ಅವನ್ನ ಮುಂದಕ್ಕೆ ಕಳಿಸ್ದೆ." ಹುಡುಗನ ದನಿ ಒಡೆಯಿತು. "ನನ್ನನ್ನ ತೆಗೀರಿ ಅಂತ ಎಲ್ಲರೂ ಕೂಗ್ತಾ ಇದ್ರು, ನಂಗೆ ಕೇಳಿಸ್ತಿತ್ತು. ಕೂಗ್ಲಿ ಬಿಡು ಅಂದ್ಕೊಂಡೆ. ಅಪ್ಪ ಕೋಡೀನ ಮುಂದೇನೇ ಇಟ್ಟಿದಾನೆ, ಅಂದ್ರೆ ನನ್ನನ್ನ ನಂಬಿದಾನೆ ಅಂತ... ನಾನು ತಡೀಬಹುದು ಅಂತ ನಿಂಗೆ ಯಾವತ್ತಾದ್ರೂ ಅನ್ನಿಸಿತ್ತಾ ಅಪ್ಪಾ?"

ಒಂದು ಸಲವೂ ಅನ್ನಿಸಿರಲಿಲ್ಲ. ಗುರುವಾರ ಇಲ್ಲ, ಶುಕ್ರವಾರ ಇಲ್ಲ, ಆಟ ಶುರುವಾದಾಗಲೂ ಇಲ್ಲ.

"ಅನ್ನಿಸಿತ್ತು ಕಣೋ," ಎಂದ ವರ್ಲಿನ್. "ಅನ್ನಿಸದೇ ಇರುತ್ತಾ?"

ನೋಲನ್ ಆಗ ತಲೆಯೆತ್ತಿ ಅಪ್ಪನ ಮುಖವನ್ನು ನೋಡಿದ. ಎದುರಾಳಿ ಹೇಗೆ ನಿಂತಿದ್ದಾನೆಂದು ನೋಡಿಯೇ ಎಲ್ಲ ತಿಳಿಯುವ ಹುಡುಗ ಅವನು.

"ಆಯ್ತು ಬಿಡಪ್ಪಾ," ಎಂದ. ಎದ್ದು ಅಮ್ಮನ ಕಡೆಗೆ ನಡೆದುಹೋದ.