ಗಗಾರ ಕಂಪನಿಯ ಕೊನೆಯ ಹಾರಾಟ

"ಹೊಡೀರೋ ಬೋಳಿಮಕ್ಳಾ! ತಿನ್ನೋಕ್ ಆಯ್ತದೆ, ಹೊಡಿಯೋಕ್ ಆಗಲ್ವಾ? ಸತ್ ಮೀನಿಗಿರೋ ಜೀವಾನೂ ಇಲ್ವಲ್ರೋ ನಿಮ್ಗೆ!"

ಡೈರೆಕ್ಟರ್ ಗೆನ್ನಾದಿ ಅರ್ಕಾದ್ಯೆವಿಚ್ ತನ್ನ ನರಿಚರ್ಮದ ಟೋಪಿಯೊಳಗಿಂದ ಕಿರುಚುತ್ತಿದ್ದ. ನಾವು ಒಂಬತ್ತು ಜನ ಕೂಲಿಗಳು ಮರದ ಕೊಡತಿ ಹಿಡಿದು ವಿಮಾನದ ಹಿಮಪಟ್ಟಿಗಳಿಗೆ ಬಡಿಯುತ್ತಿದ್ದೆವು. ಚಳಿಗಾಲಕ್ಕೆ ಚಕ್ರ ಬಿಚ್ಚಿ ಹಾಕುವ ಉದ್ದನೆಯ ಪಟ್ಟಿಗಳು ಅವು. ನಿಲ್ಲಿಸುವಾಗ ಅವುಗಳ ಕೆಳಗೆ ಬರ್ಚ್ ಮರದ ದಿಮ್ಮಿ ಕೊಡಬೇಕು, ಇಲ್ಲದಿದ್ದರೆ ಹೆಪ್ಪುಗಟ್ಟಿ ನೆಲ ಕಚ್ಚಿಕೊಳ್ಳುತ್ತವೆ. ಇದು ನಮ್ಮೂರಿನ ಎಳೆ ಮಕ್ಕಳಿಗೂ ಗೊತ್ತು. ಡೈರೆಕ್ಟರನಿಗೆ ಗೊತ್ತಿರಲಿಲ್ಲ. ಹಿಂದಿನ ಸಂಜೆ ಆ ದಿಮ್ಮಿಗಳನ್ನು ತನ್ನ ಹಬೆಮನೆಯ ಒಲೆಗೆ ಹಾಕಿಸಿ, ಹಾಯಾಗಿ ಬೆವರು ಸುರಿಸಿಕೊಂಡಿದ್ದ.

ಸೋವಿಯೆತ್ ಕಾಲದಲ್ಲಿ ನಮ್ಮ ಬಯಲಲ್ಲಿ ಹನ್ನೊಂದು ವಿಮಾನಗಳಿದ್ದವು. ಟಪಾಲು, ಹಿಟ್ಟಿನ ಮೂಟೆ, ಹಲ್ಲುನೋವಿನವರು, ಮದುವೆ ದಿಬ್ಬಣ, ಎಲ್ಲಾ ಅದರಲ್ಲೇ. ದೇಶ ಒಡೆದ ಮೇಲೆ ಈ ಮಹಾನುಭಾವ ನಗರದಿಂದ ಒಂದು ಕಾಗದ ಹಿಡಿದು ಬಂದ. ಇನ್ನು ಇದು ತನ್ನ ಕಂಪನಿ, ಹೆಸರು 'ಗಗಾರ' ಎಂದ. ಗಗಾರ ನಮ್ಮ ಕೆರೆಗಳ ಹಕ್ಕಿ. ನೀರಲ್ಲಿ ಮುಳುಗುವುದರಲ್ಲಿ ಎತ್ತಿದ ಕೈ. ವಿಮಾನಕ್ಕೆ ಮುಳುಗುವ ಹಕ್ಕಿಯ ಹೆಸರಿಟ್ಟವನಿಗೆ ನಾವೆಲ್ಲ ಸೇರಿ ಚಪ್ಪಾಳೆ ತಟ್ಟಿದೆವು. ಆರು ವರ್ಷದಲ್ಲಿ ಹತ್ತು ವಿಮಾನ ಮುಳುಗಿದವು. ಎರಡನ್ನು ಮಾರಿದ, ಏಳನ್ನು ಬಿಚ್ಚಿ ಗುಜರಿಗೆ ಹಾಕಿದ, ಒಂದು ಅವನ ಭಾವಮೈದುನನ ತೋಟದಲ್ಲಿ ಕೋಳಿಗೂಡಾಯಿತು. ಕೋಳಿಗಳು ಕಿಟಕಿ ಪಕ್ಕದ ಜಾಗಕ್ಕೆ ಜಗಳವಾಡುತ್ತವಂತೆ.

ಉಳಿದದ್ದು ಇದೊಂದೇ. ಕಂಪನಿ ಮುಚ್ಚಿದೆ, ಡೈರೆಕ್ಟರ್ ನಗರಕ್ಕೆ ವಾಪಸ್ ಹೊರಟಿದ್ದಾನೆ, ಇವತ್ತು ಹೋದದ್ದು ಮತ್ತೆ ಬರುವುದಿಲ್ಲ.

ನನ್ನ ತಂಗಿ ಒಗ್ದೊ ಬೇಲಿಯ ಪಕ್ಕ ಜಾರುಬಂಡಿಯ ಮೇಲೆ ಜಿಂಕೆಚರ್ಮ ಹೊದ್ದು ಮಲಗಿದ್ದಳು. ದಿನ ತುಂಬಿದ ಬಸುರಿ. ಮಗು ಅಡ್ಡ ಮಲಗಿದೆ, ನಗರದ ಆಸ್ಪತ್ರೆಯಲ್ಲಿ ಕೊಯ್ದು ತೆಗೆಯದಿದ್ದರೆ ಇಬ್ಬರೂ ಉಳಿಯುವುದಿಲ್ಲ ಎಂದು ಅವಳ ಪಕ್ಕದಲ್ಲೇ ನಿಂತಿದ್ದ ನಮ್ಮೂರ ನರ್ಸಮ್ಮ ಹೇಳಿದ್ದರು. ಹೆಪ್ಪುಗಟ್ಟಿದ ನದಿಯ ಮೇಲೆ ಲಾರಿಯಲ್ಲಿ ಮೂರು ದಿನದ ದಾರಿ. ಅಷ್ಟು ಕುಲುಕಾಟ ಅವಳು ತಡೆಯಳು. ವಿಮಾನದೊಳಗೆ ನೋಡಿದರೆ ಡೈರೆಕ್ಟರನ ಪಿಯಾನೊ, ಚರ್ಮದ ಸೋಫಾ, ತಾಮ್ರದ ಹಂಡೆ, ಮೂರು ಪೆಟ್ಟಿಗೆ ಪಿಂಗಾಣಿ, ಸಾಲದ್ದಕ್ಕೆ ಅವನ ಡೊಳ್ಳುಹೊಟ್ಟೆ ನಾಯಿ.

"ಸಾಹೇಬ್ರೆ, ಆ ಸೋಫಾ ಒಂದ್ ಇಳಿಸಿ. ನನ್ ತಂಗೀನ ಮಲಗ್ಸೋ ಅಷ್ಟು ಜಾಗ ಸಾಕು," ಎಂದೆ.

"ಯಾಕೆ, ನಿಮ್ಮವ್ವ ನಿನ್ನ ವಿಮಾನದಲ್ಲಿ ಹೆತ್ತಿದ್ಲಾ? ಜಿಂಕೆ ಹಟ್ಟೀಲಿ ಹೆತ್ಲು. ನೀವ್ ಹೆರೋದು ನಾಯಿ ಹೆತ್ತಂಗೆ, ಅದ್ಕೆ ಆಸ್ಪತ್ರೆ ಬೇರೆ ಕೇಡು. ಹೊಡಿಯೇ ಮುಂಡೆ!"

ಕೊಡತಿ ಅವನ ಟೋಪಿಯ ಕಡೆಗೆ ಏಳುತ್ತಿತ್ತೋ ಏನೋ, ಬಲ್ಬಾರಜ್ಜಿ ನನ್ನ ಮೊಣಕೈ ಹಿಡಿದಳು. ಮೂವತ್ತೆಂಟು ವರ್ಷ ಈ ಬಯಲಲ್ಲಿ ಮೂಟೆ ಹೊತ್ತ ಮುದುಕಿ.

"ಕ್ವಾಪ ಮಾಡ್ಕಬ್ಯಾಡ ಮಾರ್ಪಾ," ಎಂದು ಪಿಸುಗುಟ್ಟಿದಳು. "ಪಟ್ಟಿ ಬಿಟ್ಟು ಪಕ್ಕದ ಹಿಮಕ್ಕೆ ಹೊಡಿ. ಜೋರಾಗ್ ಹೊಡಿ."

ಮಾತು ಒಬ್ಬರಿಂದ ಒಬ್ಬರಿಗೆ ದಾಟಿತು. ಐಸಾ ಐಸಾ ಎಂದು ಬಯಲೇ ನಡುಗುವಂತೆ ಕೂಗುತ್ತಾ ಬರೀ ಹಿಮಕ್ಕೆ ಬಡಿದೆವು. ಪೈಲಟ್ ರೊದಿಯೋನ್ ಎಂಜಿನ್ ಏರಿಸಿದ. ವಿಮಾನ ಗುಡುಗಿತು, ಅಲುಗಲಿಲ್ಲ.

ಅಜ್ಜಿ ವಿನಯದಿಂದ ಟೋಪಿ ತೆಗೆದಳು. "ಭಾರ ಜಾಸ್ತಿ ಆಯ್ತು ಬುದ್ಧಿ. ಆ ಪಿಯಾನೊ ಒಂದ್ ಇಳಿಸಿದ್ರೆ ಹೂ ಎತ್ತಿದಂಗೆ ಏಳ್ತದೆ. ಒಂದ್ ಸಲ ನೆಲ ಬಿಡ್ಲಿ, ಮತ್ತೆ ಹೇರಿದ್ರಾಯ್ತು."

"ನಿಜವೇನೋ ರೊದಿಯೋನ್?"

"ಅಜ್ಜಿ ಹೇಳಿದ್ಮೇಲೆ ಮುಗೀತು ಸಾರ್. ನಾನ್ ಹಾರ್ಸೋನು, ಕೀಳೋರು ಅವ್ರು."

ಪಿಯಾನೊ ಇಳಿಯಿತು. ವಿಮಾನ ಏಳಲಿಲ್ಲ. ಪಿಂಗಾಣಿ ಇಳಿಯಿತು, ಹಂಡೆ ಇಳಿಯಿತು. ಕೊನೆಗೆ ಸೋಫಾವನ್ನೂ ಮದುಮಗಳನ್ನು ಇಳಿಸಿದ ಹಾಗೆ ಇಳಿಸಿದೆವು. ಆದರೂ ಇಲ್ಲ.

"ಇನ್ನು ಬಾಲ ಅಲ್ಲಾಡಿಸ್ಬೇಕು ಬುದ್ಧಿ. ನಮ್ ಕೈಲಿ ಆಗಲ್ಲ, ತಾವೂ ಒಂದ್ ಕೈ ಹಾಕ್ಬೇಕು."

"ನಾನಾ?"

"ನಿಮ್ ಶಕ್ತಿ ಇನ್ಯಾರಿಗೈತೆ? ಒಬ್ರೇ ಹತ್ತ್ ವಿಮಾನ ಎತ್ತಿದೋರು ನೀವು!"

ಅವನಿಗೆ ಅದು ಹೊಗಳಿಕೆಯಾಗಿಯೇ ಕೇಳಿಸಿರಬೇಕು. ಬಾಲದ ಆಚೆ ಬದಿಗೆ ಹೋಗಿ ಹೆಗಲು ಕೊಟ್ಟ. ಎಂಜಿನ್ನಿನ ಗಾಳಿಗೆ ಹಿಮ ಎದ್ದು ಅವನ ಕಣ್ಣು ಮುಚ್ಚಿತು. ಈಚೆ ಬದಿಯ ಬಾಗಿಲಿಗೆ ನಾನೂ ನರ್ಸಮ್ಮನೂ ಒಗ್ದೊಳನ್ನು ಎತ್ತಿಕೊಂಡು ಓಡಿದೆವು.

"ಅಕ್ಕಾ, ನೀನೂ ಬಾರೆ," ಎಂದು ನನ್ನ ಕೈಗವಸು ಹಿಡಿದುಕೊಂಡಳು.

"ನಾನ್ ಬಂದ್ರೆ ಭಾರ ಆಯ್ತದೆ ಕಣೆ," ಎಂದು ನಕ್ಕೆ. ಕಣ್ಣೀರು ರೆಪ್ಪೆಯಲ್ಲೇ ಹೆಪ್ಪುಗಟ್ಟಿತು. ನರ್ಸಮ್ಮ ಹತ್ತಿ ಬಾಗಿಲೆಳೆದುಕೊಂಡರು.

"ಈಗ!" ಎಂದಳು ಅಜ್ಜಿ. ಕೊಡತಿಗಳು ಮೊದಲ ಸಲ ಪಟ್ಟಿಗೇ ಬಿದ್ದವು. ನಾಲ್ಕೇ ಏಟು. ಲಟಕ್ಕನೆ ಬಿಟ್ಟುಕೊಂಡು ವಿಮಾನ ಜಾರಿತು. ಹಾಗೆ ಬಿಟ್ಟುಕೊಂಡ ವಿಮಾನವನ್ನು ಯಾವ ಪೈಲಟ್ಟೂ ನಿಲ್ಲಿಸುವುದಿಲ್ಲ. ನಿಲ್ಲಿಸಿದರೆ ಮತ್ತೆ ಕಚ್ಚಿಕೊಳ್ಳುತ್ತದೆ. ಡೈರೆಕ್ಟರ್ ಮುಖ ಕೆಳಗಾಗಿ ಬಿದ್ದ, ಎದ್ದ, ಕೈಯೆತ್ತಿ ಹಿಂದೆ ಓಡಿದ. ಅವನ ನಾಯಿ ಕಿಟಕಿಯಿಂದ ಅವನನ್ನೇ ನೋಡುತ್ತಾ ಹಾರಿಹೋಯಿತು.

"ಜೈಲಿಗ್ ಹಾಕಿಸ್ತೀನಿ ಎಲ್ರನ್ನೂ! ನಾನೀಗ ಹೆಂಗೋ ಹೋಗ್ಲಿ?"

"ಲಾರಿ ಐತಲ್ಲ ಬುದ್ಧಿ, ಮೂರೇ ದಿನ," ಎಂದಳು ಅಜ್ಜಿ. "ನಿಮ್ ಹೊಟ್ಟೇಲಿ ಮಗು ಏನ್ ಅಡ್ಡ ಮಲಗಿಲ್ವಲ್ಲ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ನಗರ ಮುಟ್ಟಲು ಎರಡು ಗಂಟೆ ಬೇಕು. ಎದುರಿಗೆ ಸೋಫಾ ಇತ್ತು, ಹೋಗಿ ಕೂತೆ.

"ಏಳೇ ಮೇಲೆ! ಮೀನ್ ನಾತದ ಮುಂಡೆ, ಇಟಲಿ ಚರ್ಮ ಅದು!"

"ಏಳಲ್ಲ ಹೋಗೋ," ಎಂದೆ. "ನನ್ ತಂಗಿ ಮುಟ್ಟಿದ್ಲು ಅಂತ ರೇಡಿಯೋ ಹೇಳೋಗಂಟ ಏಳಲ್ಲ. ನಿಂತ್ಕೊ ನೀನು."

ಬಲ್ಬಾರಜ್ಜಿ ಬಂದು ನನ್ನ ಪಕ್ಕ ಕೂತಳು. ಆಮೇಲೆ ಉಳಿದವರು, ಕೈಯಾನಿಕೆಯ ಮೇಲೆ, ಬೆನ್ನಿನ ಮೇಲೆ, ಸಿಕ್ಕಸಿಕ್ಕಲ್ಲಿ. ಬಯಲಂಚಿನ ಗುಡಿಸಲಿನ ತೆರೆದ ಬಾಗಿಲಿನಿಂದ, ವಿಮಾನದ ಜೊತೆ ಮಾತಾಡುವ ರೇಡಿಯೋ ಗೊರಗೊರ ಎನ್ನುತ್ತಿತ್ತು, ಮಾತು ಬಂದಿರಲಿಲ್ಲ. ಒಂಬತ್ತು ಜನ ಕೂತು ಕಿವಿಗೊಟ್ಟಿದ್ದೆವು. ಡೈರೆಕ್ಟರ್ ನಮ್ಮೆದುರು ನಿಂತೇ ಇದ್ದ.